ಔಟ್ ಕೊಟ್ಟ ಮೇಲೆ

ಕಳೆದ ವಾರ ನ್ಯಾಯಶಾಸ್ತ್ರದ ತರಗತಿ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಮೇಡಂ, ಕೆಳಗಿನ ಕೋರ್ಟ್ ತಪ್ಪು ಮಾಡಿದರೆ ಹೈಕೋರ್ಟ್ ಇದೆ. ಹೈಕೋರ್ಟ್ ತಪ್ಪು ಮಾಡಿದರೆ ಸುಪ್ರೀಂ ಕೋರ್ಟ್ ಇದೆ. ಸುಪ್ರೀಂ ಕೋರ್ಟೇ ತಪ್ಪು ಮಾಡಿದರೆ?" ಅಷ್ಟರಲ್ಲಿ ಗಂಟೆ ಹೊಡೆಯಿತು. "ನಾಳೆ ಮಾತಾಡೋಣ" ಅಂದೆ.

ಪಾಠ ಮಾಡಲು ಶುರು ಮಾಡಿ 22 ವರ್ಷ ಆಯಿತು. ಈ ಪ್ರಶ್ನೆ ಹೆಚ್ಚುಕಮ್ಮಿ ಪ್ರತಿ ವರ್ಷ ಬರುತ್ತದೆ. ನನ್ನ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. ಸಂವಿಧಾನದ 137ನೇ ವಿಧಿಯಡಿ ಮರುಪರಿಶೀಲನಾ ಅರ್ಜಿ ಹಾಕಬಹುದು. ಅದೂ ವಜಾ ಆದರೆ ಕ್ಯುರೇಟಿವ್ ಅರ್ಜಿ, ಅಂದರೆ ತಪ್ಪು ಸರಿಪಡಿಸಿ ಅಂತ ಕೊನೆಯ ಸಲ ಕೇಳುವ ಅರ್ಜಿ ಇದೆ. ಈ ಎರಡನೆಯದು ಸಂವಿಧಾನದಲ್ಲಿ ಬರೆದದ್ದಲ್ಲ. 2002ರಲ್ಲಿ ರೂಪಾ ಅಶೋಕ್ ಹುರ್ರಾ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ತಾನೇ ಕಟ್ಟಿಕೊಂಡಿತು. ಗಂಡ ಹೆಂಡತಿಯ ವಿಚ್ಛೇದನದ ವ್ಯಾಜ್ಯ ಅದು. ಅದರಿಂದ ಕೊನೆಯ ಬಾಗಿಲಿನ ಆಚೆಗೂ ಒಂದು ಸಣ್ಣ ಕಿಂಡಿ ಹುಟ್ಟಿತು. ಹಿರಿಯ ವಕೀಲರೊಬ್ಬರು ಪ್ರಮಾಣಪತ್ರ ಕೊಡಬೇಕು, ಅರ್ಜಿ ಮೊದಲು ಅತಿ ಹಿರಿಯ ಮೂವರು ನ್ಯಾಯಮೂರ್ತಿಗಳ ಮುಂದೆ ಹೋಗಬೇಕು. ಆ ಕಿಂಡಿಯಲ್ಲಿ ತೂರಿ ಬಂದವರು ತುಂಬಾ ಕಡಿಮೆ.

ಇಷ್ಟು ಹೇಳಿದರೆ ಪರೀಕ್ಷೆಗೆ ಸಾಕು. ಆದರೆ ಆ ಹುಡುಗಿ ಕೇಳಿದ್ದು ಅರ್ಜಿಯ ಹೆಸರನ್ನಲ್ಲ ಅಂತ ಮನೆಗೆ ಬಂದ ಮೇಲೆ ಅನಿಸಿತು. ಎಲ್ಲ ಬಾಗಿಲು ಮುಚ್ಚಿದ ಮೇಲೆ ಆ ತಪ್ಪು ಎಲ್ಲಿಗೆ ಹೋಗುತ್ತದೆ ಅನ್ನುವುದು ಅವಳ ಪ್ರಶ್ನೆ.

ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿದ್ದ ರಾಬರ್ಟ್ ಜಾಕ್ಸನ್ 1953ರಲ್ಲಿ ಒಂದು ತೀರ್ಪಿನಲ್ಲಿ ಬರೆದ ಮಾತು ಕಾನೂನು ಓದಿದವರಿಗೆಲ್ಲ ಗೊತ್ತು. ನಾವು ತಪ್ಪೇ ಮಾಡದವರು ಅನ್ನುವ ಕಾರಣಕ್ಕೆ ನಮ್ಮ ಮಾತು ಕೊನೆಯದಾಗಿಲ್ಲ, ನಮ್ಮ ಮಾತು ಕೊನೆಯದು ಅನ್ನುವ ಕಾರಣಕ್ಕಷ್ಟೇ ನಾವು ತಪ್ಪು ಮಾಡದವರಾಗಿದ್ದೇವೆ ಅನ್ನುವ ಅರ್ಥದ ಮಾತು. ವಿದ್ಯಾರ್ಥಿಗಳು ಇದನ್ನು ಖುಷಿಯಿಂದ ಬರೆದುಕೊಳ್ಳುತ್ತಾರೆ. ಓದುವಾಗ ನಾನೂ ಬರೆದುಕೊಂಡಿದ್ದೆ. ಈಗ ಅದು ಅರ್ಧ ದಾರಿಯಲ್ಲೇ ನಿಂತುಬಿಡುವ ಮಾತು ಅನಿಸುತ್ತದೆ. ತೀರ್ಪು ಯಾಕೆ ಕೊನೆಯದು ಅಂತ ಹೇಳುತ್ತದೆ. ತಪ್ಪಾದ ತೀರ್ಪು ಕೊನೆಯದಾದಾಗ ಕೊಟ್ಟವರು ಏನು ಮಾಡಬೇಕು ಅಂತ ಹೇಳುವುದಿಲ್ಲ.

ಈ ವಿಷಯ ಹೇಳಿಕೊಡಲು ನಾನು ಯಾವಾಗಲೂ ಆಟದ ಮೈದಾನಕ್ಕೆ ಹೋಗುತ್ತೇನೆ. ಹಾಗೆ ಮಾಡಿದ್ದರಲ್ಲಿ ನಾನು ಮೊದಲನೆಯವಳೇನಲ್ಲ. ಆಕ್ಸ್‌ಫರ್ಡಿನ ನ್ಯಾಯಶಾಸ್ತ್ರಜ್ಞ ಎಚ್.ಎಲ್.ಎ. ಹಾರ್ಟ್ 1961ರ ತಮ್ಮ ಪುಸ್ತಕದಲ್ಲಿ ಇದನ್ನೇ ಮಾಡಿದರು. ಮೈದಾನದ ಪಕ್ಕದಲ್ಲಿ ಸ್ಕೋರರ್ ಒಬ್ಬ ಕೂತಿದ್ದಾನೆ. ಅವನು ಬರೆದದ್ದೇ ಅಂತಿಮ. ಹಾಗಂತ ಅವನು ಬಾಯಿಗೆ ಬಂದದ್ದನ್ನೆಲ್ಲ ಸ್ಕೋರ್ ಅಂತ ಬರೆಯಬಹುದಾ? ಹಾಗೆ ಆಡುವ ಆಟವೂ ಇರಬಹುದು, ಆದರೆ ಅದು ಬೇರೆಯೇ ಆಟ, ಕ್ರಿಕೆಟ್ ಅಲ್ಲ ಅಂತ ಹಾರ್ಟ್ ಹೇಳಿದರು. ಸ್ಕೋರರ್‌ಗೂ ಒಂದು ನಿಯಮ ಇದೆ. ಅದನ್ನು ಅವನು ಸರಿಯಾಗಿ ಅನ್ವಯಿಸಬಹುದು, ತಪ್ಪಾಗಿಯೂ ಅನ್ವಯಿಸಬಹುದು. ತಪ್ಪಾದರೂ ಸ್ಕೋರ್ ನಿಲ್ಲುತ್ತದೆ. ನಿಂತ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ನಾವು ನೋಡುತ್ತಾ ಕೂತವರು "ಅದು ಔಟ್ ಆಗಿರಲಿಲ್ಲ" ಅಂತ ಹೇಳಲು ಸಾಧ್ಯವಾಗುವುದೇ ಈ ವ್ಯತ್ಯಾಸದಿಂದ.

ಕ್ರಿಕೆಟ್ಟಿನ ನಿಯಮಪುಸ್ತಕವನ್ನು ಒಮ್ಮೆ ಕಾನೂನು ವಿದ್ಯಾರ್ಥಿಯ ಕಣ್ಣಿನಿಂದ ಓದಿ ನೋಡಿ. ನನಗೆ ಅದು ಒಳ್ಳೆಯ ಶಾಸನ ಓದಿದಷ್ಟೇ ಖುಷಿ ಕೊಡುತ್ತದೆ. 31ನೇ ನಿಯಮದ ಪ್ರಕಾರ ಯಾರಾದರೂ ಅಪೀಲ್ ಮಾಡದೆ ಅಂಪೈರ್ ಔಟ್ ಕೊಡುವ ಹಾಗಿಲ್ಲ. ಯಾರೂ ಅರ್ಜಿ ಹಾಕದೆ ಕೋರ್ಟು ಸಾಮಾನ್ಯವಾಗಿ ಬಾಯಿ ತೆರೆಯುವುದಿಲ್ಲ, ಅದೇ ಥರ. 2.12ರ ಪ್ರಕಾರ ಅಂಪೈರ್ ತನ್ನ ತೀರ್ಮಾನವನ್ನು ಬದಲಾಯಿಸಬಹುದು, ಆದರೆ ತಕ್ಷಣ ಬದಲಾಯಿಸಬೇಕು. ಅದು ಬಿಟ್ಟರೆ ಒಮ್ಮೆ ಕೊಟ್ಟದ್ದು ಅಂತಿಮ. 31.8 ಇನ್ನೊಂದು ಬಾಗಿಲು ತೆರೆಯುತ್ತದೆ. ಫೀಲ್ಡಿಂಗ್ ಮಾಡುವ ತಂಡದ ನಾಯಕ ಅಂಪೈರ್ ಒಪ್ಪಿಗೆ ಪಡೆದು ಅಪೀಲನ್ನೇ ವಾಪಸ್ ಪಡೆಯಬಹುದು. ಗೆದ್ದ ಕಕ್ಷಿದಾರನೇ ಎದ್ದು ನಿಂತು "ಸ್ವಾಮಿ, ಈ ಗೆಲುವು ನನ್ನದಲ್ಲ" ಅಂತ ಹೇಳಿದ ಹಾಗೆ. ಕೋರ್ಟಿನಲ್ಲಿ ಇದನ್ನು ನಾನು ಕಂಡಿಲ್ಲ.

ಮೈದಾನದಲ್ಲಿ ಆದದ್ದಿದೆ. ನಮ್ಮ ಗುಂಡಪ್ಪ ವಿಶ್ವನಾಥ್ ಮಾಡಿದ್ದು. 1980ರ ಫೆಬ್ರವರಿ, ಮುಂಬೈಯಲ್ಲಿ ಇಂಗ್ಲೆಂಡ್ ವಿರುದ್ಧ ಸುವರ್ಣ ಮಹೋತ್ಸವ ಟೆಸ್ಟ್. ವಿಶ್ವನಾಥ್ ಭಾರತದ ನಾಯಕ. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಇಯಾನ್ ಬೋಥಮ್ ಜೊತೆ ವಿಕೆಟ್ ಕೀಪರ್ ಬಾಬ್ ಟೇಲರ್ ಆಡುತ್ತಿದ್ದರು. ಕಪಿಲ್ ದೇವ್ ಚೆಂಡಿಗೆ ಕೀಪರ್ ಕ್ಯಾಚ್ ಅಂತ ಅಪೀಲ್ ಆಯಿತು. ಅಂಪೈರ್ ಟೇಲರ್‌ಗೆ ಔಟ್ ಕೊಟ್ಟರು. ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್‌ಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಅನಿಸಿತು. ಅಂಪೈರ್ ಹತ್ತಿರ ಮಾತಾಡಿ ಟೇಲರ್‌ರನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ ಜೊತೆಯಾಟ 171 ರನ್ನಿಗೆ ಹೋಯಿತು. ಭಾರತ 10 ವಿಕೆಟ್‌ಗಳಿಂದ ಸೋತಿತು.

ಈ ಕಥೆ ಹೇಳಿದಾಗ ತರಗತಿ ಎರಡು ಪಾಲಾಗುತ್ತದೆ. "ಅಂಪೈರ್ ಔಟ್ ಕೊಟ್ಟ ಮೇಲೆ ಮುಗಿಯಿತಲ್ಲ ಮೇಡಂ, ಇವರಿಗೆ ಯಾಕೆ ಬೇಕಿತ್ತು?" ಅನ್ನುವವರು ಜಾಸ್ತಿ. ನಾಯಕನ ಕೆಲಸ ತಂಡವನ್ನು ಗೆಲ್ಲಿಸುವುದು ಅನ್ನುತ್ತಾರೆ. ಅವರ ವಾದ ಬಲವಾಗಿಯೇ ಇದೆ. ಬೌಲರ್ ದುಡಿದಿದ್ದಾನೆ, ಹತ್ತು ಜನ ಬಿಸಿಲಲ್ಲಿ ನಿಂತಿದ್ದಾರೆ, ಒಬ್ಬನ ಮನಸ್ಸಾಕ್ಷಿಗೆ ಎಲ್ಲರೂ ಯಾಕೆ ಬೆಲೆ ಕೊಡಬೇಕು? ನಾನು ಮಾತ್ರ ವಿಶ್ವನಾಥ್ ಪಕ್ಷ. ಸ್ಲಿಪ್‌ನಲ್ಲಿ ನಿಂತು ಕಣ್ಣಾರೆ ಕಂಡವರು ಅವರು. ನಿಜ ಏನು ಅಂತ ತನಗೆ ಗೊತ್ತಿರುವಾಗ, ಅದನ್ನು ಸರಿಪಡಿಸುವ ಅಧಿಕಾರವೂ ತನ್ನ ಕೈಯಲ್ಲಿರುವಾಗ, "ಅಂಪೈರ್ ಹೇಳಿದ್ದಾರೆ" ಅಂತ ಸುಮ್ನೆ ಇರುವುದು ನನ್ನ ಕಣ್ಣಿಗೆ ತೀರ್ಪಿನ ಮೇಲಿನ ಗೌರವ ಅಲ್ಲ. ಅದು ತೀರ್ಪಿನ ಹಿಂದೆ ಅಡಗಿ ಕೂರುವುದು.

ವಿಶ್ವನಾಥ್‌ಗೆ ಒಂದು ಅನುಕೂಲ ಇತ್ತು. ಟೇಲರ್ ಇನ್ನೂ ಕಣ್ಣೆದುರಿಗೇ ಇದ್ದರು. ಕಷ್ಟ ಇರುವುದು ಸಮಯ ಮೀರಿದ ಮೇಲೆ.

ಬೇಸ್‌ಬಾಲ್ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ಈ ಒಂದು ಪಂದ್ಯವನ್ನು ಮಾತ್ರ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 2010ರ ಜೂನ್ 2, ಡೆಟ್ರಾಯಿಟ್. ಅರ್ಮಾಂಡೊ ಗಲರಾಗಾ ಅನ್ನುವ ಬೌಲರ್. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನಿಂಗ್ಸ್, ಒಂದೊಂದರಲ್ಲೂ ಮೂರು ಔಟ್, ಒಟ್ಟು 27. ಬಂದ 27 ಜನರಲ್ಲಿ ಒಬ್ಬರನ್ನೂ ಮೊದಲ ಬೇಸ್ ಮುಟ್ಟಲು ಬಿಡದೆ ಔಟ್ ಮಾಡಿದರೆ ಅದಕ್ಕೆ ಪರ್ಫೆಕ್ಟ್ ಗೇಮ್ ಅನ್ನುತ್ತಾರೆ. ನೂರಕ್ಕೂ ಹೆಚ್ಚು ವರ್ಷದ ಇತಿಹಾಸದಲ್ಲಿ ಆ ದಿನದವರೆಗೆ 20 ಸಲ ಮಾತ್ರ ಆಗಿತ್ತು. ಗಲರಾಗಾ 26 ಜನರನ್ನು ಔಟ್ ಮಾಡಿದ್ದರು. 27ನೆಯವನು ಹೊಡೆದ ಚೆಂಡನ್ನು ಜೊತೆಗಾರ ಹಿಡಿದು ಎಸೆದ. ಗಲರಾಗಾ ತಾವೇ ಮೊದಲ ಬೇಸಿಗೆ ಓಡಿ ಚೆಂಡು ಹಿಡಿದು ಕಾಲಿಟ್ಟರು. ಓಡಿ ಬರುತ್ತಿದ್ದವನು ಇನ್ನೂ ಒಂದು ಹೆಜ್ಜೆ ಹಿಂದಿದ್ದ, ಅಂದರೆ ಔಟ್. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಚಾಚಿದರು. ಸೇಫ್, ಔಟ್ ಅಲ್ಲ ಅಂತ.

ಗಲರಾಗಾ ನಕ್ಕರು. ಕೂಗಾಡಲಿಲ್ಲ. ವಾಪಸ್ ಹೋಗಿ ಮುಂದಿನವನನ್ನು ಔಟ್ ಮಾಡಿ ಪಂದ್ಯ ಮುಗಿಸಿದರು.

ಜಾಯ್ಸ್ ಒಳಗೆ ಹೋಗಿ ವಿಡಿಯೊ ನೋಡಿದರು. ಒಬ್ಬ ಅಂಪೈರ್ ಹೀಗೆ ಸಿಕ್ಕಿಬಿದ್ದಾಗ ಹೇಳಲು ನೂರು ಮಾತಿವೆ. ನಾನು ನಿಂತಿದ್ದ ಕೋನದಿಂದ ಹಾಗೆ ಕಂಡಿತು ಅನ್ನಬಹುದು. ಕ್ಷಣಾರ್ಧದ ತೀರ್ಮಾನ ಅನ್ನಬಹುದು. ಜಾಯ್ಸ್ ಅದ್ಯಾವುದನ್ನೂ ಹೇಳಲಿಲ್ಲ. ಆ ಹುಡುಗನ ಪರ್ಫೆಕ್ಟ್ ಗೇಮ್ ನನ್ನಿಂದ ಹೋಯಿತು ಅಂತ ಪತ್ರಕರ್ತರ ಮುಂದೆ ಒಪ್ಪಿಕೊಂಡರು. ಗಲರಾಗಾ ಹತ್ತಿರ ಕ್ಷಮೆ ಕೇಳಿ ತಬ್ಬಿಕೊಂಡು ಅತ್ತರು. ಮರುದಿನವೂ ಅದೇ ಮೈದಾನದಲ್ಲಿ ಪಂದ್ಯ, ಅಂಪೈರ್ ಅವರೇ. ಪಂದ್ಯಕ್ಕೆ ಮೊದಲು ಆಟಗಾರರ ಪಟ್ಟಿಯನ್ನು ಅಂಪೈರ್ ಕೈಗೆ ಕೊಡಬೇಕು. ಡೆಟ್ರಾಯಿಟ್ ತಂಡ ಅದನ್ನು ಗಲರಾಗಾ ಕೈಯಲ್ಲಿ ಕಳಿಸಿತು. ಜಾಯ್ಸ್ ಕಣ್ಣು ಒರೆಸಿಕೊಂಡು ಪಟ್ಟಿ ತೆಗೆದುಕೊಂಡು ಅವರ ಬೆನ್ನು ತಟ್ಟಿದರು.

ಲೀಗ್‌ನ ಮುಖ್ಯಸ್ಥ ಬಡ್ ಸೀಲಿಗ್ ತೀರ್ಮಾನ ಬದಲಿಸಲಿಲ್ಲ. ದಾಖಲೆಯಲ್ಲಿ ಅದು ಇಂದಿಗೂ ಪರ್ಫೆಕ್ಟ್ ಗೇಮ್ ಅಲ್ಲ. 2022ರಲ್ಲಿ ಅಮೆರಿಕದ ಮನ್‌ಮತ್ ವಿಶ್ವವಿದ್ಯಾಲಯದ ಕಾನೂನು ತರಗತಿಯ ವಿದ್ಯಾರ್ಥಿಗಳು ದಾಖಲೆ ತಿದ್ದಿ ಅಂತ ಉದ್ದನೆಯ ಮನವಿ ಬರೆದರು. ಆ ತರಗತಿ ನನ್ನದಾಗಿದ್ದರೆ ನಾನು ಅವರ ಎದುರಿನ ಪಕ್ಷದ ವಕೀಲಳಾಗುತ್ತಿದ್ದೆ. ಒಂದನ್ನು ತಿದ್ದಿದರೆ ಎಲ್ಲಿ ನಿಲ್ಲಿಸುತ್ತೀರಿ? 2019ರ ಕ್ರಿಕೆಟ್ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡಿನ ಸ್ಟೋಕ್ಸ್ ಬ್ಯಾಟಿಗೆ ತಾಗಿ ಬೌಂಡರಿಗೆ ಹೋದ ಆ ಥ್ರೋ ನೆನಪಿದೆಯಲ್ಲ. ಚೆಂಡು ಎಸೆದಾಗ ಬ್ಯಾಟರ್‌ಗಳಿಬ್ಬರೂ ಎರಡನೇ ರನ್ನಿಗೆ ಇನ್ನೂ ಒಬ್ಬರನ್ನೊಬ್ಬರು ದಾಟಿರಲಿಲ್ಲ. 19.8ರ ಪ್ರಕಾರ 5 ರನ್ ಕೊಡಬೇಕಿತ್ತು, 6 ಕೊಟ್ಟರು. ಈಗ ಕೂತು ಒಂದು ರನ್ ಕಳೆದರೆ ಮುಂದಿನ ಚೆಂಡುಗಳನ್ನು ಏನು ಮಾಡುತ್ತೀರಿ? ಸ್ಟೋಕ್ಸ್ ಬದಲು ರಶೀದ್ ಸ್ಟ್ರೈಕಿಗೆ ಬರುತ್ತಿದ್ದರು. ಆಡದ ಚೆಂಡುಗಳ ಫಲಿತಾಂಶ ಯಾರಿಗೂ ಗೊತ್ತಿಲ್ಲ. ಪಂದ್ಯಕ್ಕೊಂದು ಕೊನೆ ಬೇಕು. ವ್ಯಾಜ್ಯಕ್ಕೂ ಬೇಕು. ಕೊನೆಯೇ ಇಲ್ಲದ ವ್ಯಾಜ್ಯದಲ್ಲಿ ಗೆಲ್ಲುವುದು ಹಣ ಮತ್ತು ಸಮಯ ಎರಡೂ ಇರುವವನು, ನ್ಯಾಯ ಇರುವವನಲ್ಲ.

ಹಾಗಾಗಿ ನಾನು ಅಂತಿಮ ತೀರ್ಪಿನ ವಿರೋಧಿಯಲ್ಲ. 1933ರಲ್ಲಿ, ಆಗ ಭಾರತದ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ನಲ್ಲಿ ಲಾರ್ಡ್ ಆಟ್ಕಿನ್ ಹೇಳಿದ ಮಾತು ನನಗೆ ಇಷ್ಟ. ಕೊನೆ ಅನ್ನುವುದು ಒಳ್ಳೆಯದು, ನ್ಯಾಯ ಅದಕ್ಕಿಂತ ಒಳ್ಳೆಯದು ಅಂದರು. ಅದೊಂದು ಕೊಲೆ ಪ್ರಕರಣ. ಜ್ಯೂರಿಯಲ್ಲಿ ಕೂತಿದ್ದ ಒಬ್ಬರಿಗೆ ವಿಚಾರಣೆ ನಡೆದ ಇಂಗ್ಲಿಷ್ ಭಾಷೆಯೇ ಬರುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಗಿತ್ತು. ಅಂಥ ಕಡೆ ತೆರೆಯಲೇಬೇಕು. ಆದರೆ ತೆರೆಯಲು ಆಗದ ಸಂದರ್ಭಗಳೇ ಹೆಚ್ಚು. ಆಗ ಉಳಿಯುವುದು ಜಾಯ್ಸ್ ಮಾಡಿದ ಕೆಲಸ ಒಂದೇ.

ಈಗ ಯಂತ್ರ ಬಂದಿದೆಯಲ್ಲ, ತಪ್ಪೇ ಆಗದ ಹಾಗೆ ಮಾಡಬಹುದಲ್ಲ ಅಂತ ಕೇಳುತ್ತಾರೆ. ಯಂತ್ರದ ಸಹಾಯ ನನಗೆ ಬೇಕು. 1992ರಲ್ಲಿ ಡರ್ಬನ್‌ನಲ್ಲಿ ಸಚಿನ್ ತೆಂಡೂಲ್ಕರ್ ಟಿವಿ ಅಂಪೈರ್ ತೀರ್ಪಿನಿಂದ ರನ್ ಔಟ್ ಆದ ಮೊದಲ ಆಟಗಾರರಾದರು, ಅಲ್ಲಿಂದ ಆಟಕ್ಕೆ ಒಳ್ಳೆಯದೇ ಆಗಿದೆ. ಡಿಆರ್‌ಎಸ್‌ನಲ್ಲಿ 'ಅಂಪೈರ್ಸ್ ಕಾಲ್' ಅಂತ ಇದೆಯಲ್ಲ, ಅದನ್ನು ಬೈಯದವರಿಲ್ಲ. ನನಗೆ ಅದು ತುಂಬಾ ಪ್ರಾಮಾಣಿಕವಾದ ನಿಯಮ. ಚೆಂಡು ಮುಂದೆ ಎಲ್ಲಿಗೆ ಹೋಗುತ್ತಿತ್ತು ಅನ್ನುವುದು ಲೆಕ್ಕಾಚಾರ. ಆ ಲೆಕ್ಕ ಗಡಿಯ ಹತ್ತಿರ ಬಂದಾಗ "ಇಲ್ಲಿ ನನಗೆ ಅಷ್ಟು ಖಾತ್ರಿ ಇಲ್ಲ, ಮೈದಾನದಲ್ಲಿದ್ದವರ ಮಾತು ಇರಲಿ" ಅಂತ ಒಪ್ಪಿಕೊಳ್ಳುವ ನಿಯಮ ಅದು. ಮೇಲ್ಮನವಿ ನ್ಯಾಯಾಲಯಗಳು ಸಾಕ್ಷಿಯ ಮುಖ ನೋಡಿದ ವಿಚಾರಣಾ ನ್ಯಾಯಾಧೀಶರ ಮಾತಿಗೆ ತೂಕ ಕೊಡುವುದೂ ಇದೇ ವಿನಯದಿಂದ.

ಆದರೆ ಯಂತ್ರ ಬಂದರೆ ತಪ್ಪು ಹೋಗುತ್ತದೆ ಅನ್ನುವುದು ಸುಳ್ಳು. 2025ರಲ್ಲಿ ವಿಂಬಲ್ಡನ್ ಮೊದಲ ಸಲ ಲೈನ್ ಜಡ್ಜ್‌ಗಳನ್ನು ಪೂರ್ತಿ ಕೈಬಿಟ್ಟು ಎಲೆಕ್ಟ್ರಾನಿಕ್ ವ್ಯವಸ್ಥೆಗೆ ಹೋಯಿತು. ಪಾವ್ಲ್ಯುಚೆಂಕೋವಾ ಆಡುತ್ತಿದ್ದ ಪಂದ್ಯದಲ್ಲಿ ಎದುರಾಳಿಯ ಚೆಂಡು ಕಣ್ಣಿಗೆ ಕಾಣುವಷ್ಟು ಹೊರಗೆ ಬಿತ್ತು. ಯಂತ್ರ ಮೌನ. ಯಾರೋ ತಪ್ಪಿ ಅಂಕಣದ ಒಂದು ಕಡೆ ಅದನ್ನು ಆಫ್ ಮಾಡಿಬಿಟ್ಟಿದ್ದರು. ಅಂಪೈರ್ ಆ ಪಾಯಿಂಟನ್ನು ಮತ್ತೆ ಆಡಿಸಿದರು, ಆ ಗೇಮ್ ಪಾವ್ಲ್ಯುಚೆಂಕೋವಾ ಕೈತಪ್ಪಿತು. ಆಯೋಜಕರು ಆಮೇಲೆ ಕ್ಷಮೆ ಕೇಳಿದರು. ಪಂದ್ಯ ಕೊನೆಗೆ ಪಾವ್ಲ್ಯುಚೆಂಕೋವಾ ಅವರೇ ಗೆದ್ದರು, ಆದರೂ ಆ ಗೇಮ್ ನನ್ನಿಂದ ಕದ್ದರು ಅಂತ ಅಂಪೈರ್‌ಗೆ ನೇರವಾಗಿ ಹೇಳಿದ್ದರು. ನನಗೆ ಅವರ ಸಿಟ್ಟು ಅರ್ಥವಾಗುತ್ತದೆ. ಅಂಪೈರ್, ಆಟಗಾರ್ತಿ, ಟಿವಿ ನೋಡುತ್ತಿದ್ದವರು ಎಲ್ಲರಿಗೂ ಚೆಂಡು ಹೊರಗೆ ಬಿದ್ದದ್ದು ಕಂಡಿತ್ತು. ಆ ಕ್ಷಣದಲ್ಲಿ "ಹೌದು, ಅದು ಔಟ್" ಅಂತ ಹೇಳುವವರು ಒಬ್ಬರೂ ಇರಲಿಲ್ಲ.

ಇನ್ನು ಕೋರ್ಟಿಗೆ ಬರುತ್ತೇನೆ. 1976ರ ಏಪ್ರಿಲ್ 28. ತುರ್ತು ಪರಿಸ್ಥಿತಿ. ಎಡಿಎಂ ಜಬಲ್‌ಪುರ ಪ್ರಕರಣ. ವಿಚಾರಣೆ ಇಲ್ಲದೆ ಜೈಲಿಗೆ ಹಾಕಿದವರು ಹೇಬಿಯಸ್ ಕಾರ್ಪಸ್ (ಬಂಧಿಸಿದವರನ್ನು ಕೋರ್ಟಿನ ಮುಂದೆ ತನ್ನಿ ಅಂತ ಕೇಳುವ) ಅರ್ಜಿ ಹಾಕಿ ಕೋರ್ಟಿಗೆ ಬರುವ ಹಾಗೂ ಇಲ್ಲ ಅಂತ ಸುಪ್ರೀಂ ಕೋರ್ಟಿನ ನಾಲ್ವರು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. ಮುಂದಿನ ವರ್ಷ ಮುಖ್ಯ ನ್ಯಾಯಮೂರ್ತಿ ಆಗಬೇಕಿದ್ದ ಅವರನ್ನು ಬಿಟ್ಟು ಕಿರಿಯರಾದ ಎಂ.ಎಚ್. ಬೇಗ್ ಅವರನ್ನು ನೇಮಿಸಿದರು. ಖನ್ನಾ ರಾಜೀನಾಮೆ ಕೊಟ್ಟರು. 2017ರ ಆಗಸ್ಟ್ 24ರಂದು ಖಾಸಗಿತನದ ಹಕ್ಕಿನ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಹಳೆಯ ತೀರ್ಪನ್ನು ರದ್ದು ಮಾಡಿತು. ಅದು ತಪ್ಪು ಅಂತ ಬರೆದವರಲ್ಲಿ ಡಿ.ವೈ. ಚಂದ್ರಚೂಡ್ ಇದ್ದರು. 1976ರ ನಾಲ್ವರಲ್ಲಿ ಅವರ ತಂದೆ ವೈ.ವಿ. ಚಂದ್ರಚೂಡ್ ಒಬ್ಬರು. ಆ ಭಾಗವನ್ನು ತರಗತಿಯಲ್ಲಿ ಓದುವಾಗ ನನ್ನ ಧ್ವನಿ ಸ್ವಲ್ಪ ನಡುಗುತ್ತದೆ. ಮಗ ತಂದೆಯ ತೀರ್ಪನ್ನು ತಪ್ಪು ಅಂತ ಬರೆಯುವುದು ಸುಲಭದ ಕೆಲಸ ಅಲ್ಲ.

ಹೇಳಬೇಕಾದ ಇನ್ನೊಬ್ಬರು ಪಿ.ಎನ್. ಭಗವತಿ. ಅವರೂ ಆ ನಾಲ್ವರಲ್ಲಿ ಒಬ್ಬರು. 2011ರಲ್ಲಿ, ತೀರ್ಪು ಬಂದು 35 ವರ್ಷ ಆದ ಮೇಲೆ, ತಾನು ಮಾಡಿದ್ದು ತಪ್ಪು ಅಂತ ಬಹಿರಂಗವಾಗಿ ಒಪ್ಪಿಕೊಂಡರು. "ಅಷ್ಟು ತಡವಾಗಿ ಹೇಳಿ ಏನು ಪ್ರಯೋಜನ?" ಅಂತ ನನ್ನ ಸಹೋದ್ಯೋಗಿಯೊಬ್ಬರು ಕೇಳಿದ್ದರು. ಜೈಲಿನಲ್ಲಿದ್ದವರ ದಿನಗಳು ವಾಪಸ್ ಬರಲಿಲ್ಲ, ಖನ್ನಾ 2008ರಲ್ಲೇ ತೀರಿಕೊಂಡಿದ್ದರು. ನಿಜ. ಅಮೆರಿಕದಲ್ಲೂ ಹೀಗೆ ಆಗಿದೆ. 1986ರಲ್ಲಿ ಸಲಿಂಗಿಗಳ ವಿರುದ್ಧ 5-4ರಲ್ಲಿ ಬಂದ ತೀರ್ಪಿಗೆ ನಿರ್ಣಾಯಕ ಮತ ಕೊಟ್ಟ ಲೂಯಿಸ್ ಪೊವೆಲ್ ನಿವೃತ್ತಿಯ ನಂತರ 1990ರಲ್ಲಿ, ಬಹುಶಃ ನಾನು ತಪ್ಪು ಮಾಡಿದೆ ಅಂದರು. ಕೋರ್ಟು ಅದನ್ನು ತಿದ್ದಿಕೊಂಡದ್ದು 2003ರಲ್ಲಿ.

ಏನು ಪ್ರಯೋಜನ ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಪುಸ್ತಕದ ಉತ್ತರ ಇಲ್ಲ. ನನಗೇ ಆದ ಒಂದು ಸಂಗತಿ ಇದೆ.

ಹನ್ನೊಂದು ವರ್ಷದ ಹಿಂದೆ, ಕರಾರು ಕಾನೂನಿನ ಪತ್ರಿಕೆ. ಒಬ್ಬ ಹುಡುಗನಿಗೆ 35 ಬಂದಿತ್ತು, ಪಾಸಾಗಲು 40 ಬೇಕು. ಫೇಲಾದ. ಫಲಿತಾಂಶ ಬಂತು, ಮರು ಮೌಲ್ಯಮಾಪನದ ಗಡುವು ಮುಗಿಯಿತು, ಅವನು ಅರ್ಜಿ ಹಾಕಲಿಲ್ಲ. ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಬರೆದು 61 ತೆಗೆದ. ಅದಾಗಿ ಕೆಲವು ದಿನಕ್ಕೆ ವಿಭಾಗದ ಬೀರು ಜೋಡಿಸುವಾಗ ಅವನ ಹಳೆಯ ಉತ್ತರ ಪತ್ರಿಕೆ ಕೈಗೆ ಬಂತು. ಹಿಂದೆ ಒಂದು ಅಡಿಷನಲ್ ಶೀಟ್ ದಾರದಲ್ಲಿ ಕಟ್ಟಿತ್ತು, ಮಡಚಿಕೊಂಡು ಹಿಂದಿನ ರಟ್ಟಿಗೆ ಅಂಟಿತ್ತು. ಬಿಡಿಸಿದೆ. ಎರಡೂ ಬದಿ ತುಂಬಾ ಬರೆದಿದ್ದ. ನಷ್ಟ ಪರಿಹಾರದ ಪ್ರಶ್ನೆ, 1854ರ ಹ್ಯಾಡ್ಲಿ ಮತ್ತು ಬ್ಯಾಕ್ಸೆಂಡೇಲ್ ಪ್ರಕರಣ. ಗಿರಣಿಯ ಮುರಿದ ದಂಡದ ಸಣ್ಣ ಚಿತ್ರವನ್ನೂ ಬಿಡಿಸಿದ್ದ. ಆ ಹಾಳೆಯ ಮೇಲೆ ಎಲ್ಲೂ ಕೆಂಪು ಶಾಯಿ ಇರಲಿಲ್ಲ.

ನಾನು ನೋಡಿರಲೇ ಇಲ್ಲ.

ಪರೀಕ್ಷಾ ಸಮಿತಿಗೆ ಪತ್ರ ಬರೆದೆ. ಗಡುವು ಮುಗಿದಿದೆ, ಒಬ್ಬರಿಗೆ ತೆರೆದರೆ ಎಲ್ಲರಿಗೂ ತೆರೆಯಬೇಕಾಗುತ್ತದೆ, ಅವನು ಹೇಗೂ ಪಾಸಾಗಿದ್ದಾನೆ ಅಂದರು. ಮೇಲೆ ಬರೆದ ವಾದವೇ. ತಪ್ಪು ಅನ್ನಲು ಆಗಲಿಲ್ಲ. ಅವನಿಗೆ ಹೇಳಬೇಕಾ ಬೇಡವಾ ಅಂತ ಎರಡು ವಾರ ಕಳೆದೆ. ಹೇಳಿದರೆ ನನ್ನ ಮನಸ್ಸು ಹಗುರ ಆಗುತ್ತದೆ, ಅವನಿಗೆ ಹೊಸ ನೋವಾಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಕೊನೆಗೆ ಕರೆದೆ. ಪತ್ರಿಕೆ ಮುಂದಿಟ್ಟು, ಇದು ನನ್ನ ತಪ್ಪು, ನಾನು ಈ ಹಾಳೆ ಓದಿರಲಿಲ್ಲ ಅಂದೆ.

ಅವನು ಹಾಳೆ ತೆಗೆದುಕೊಂಡು ಪೂರ್ತಿ ಓದಿದ. "ಇದಕ್ಕೆ ಎಷ್ಟು ಕೊಡ್ತಿದ್ರಿ ಮೇಡಂ?" ಅಂದ. ಕೆಂಪು ಪೆನ್ನು ತೆಗೆದುಕೊಂಡು ಅವನೆದುರಿಗೇ ಸಾಲು ಸಾಲಾಗಿ ಓದಿದೆ. 12ಕ್ಕೆ 8. ಅಂಕ ಬರೆದು ಸಹಿ ಹಾಕಿದೆ. ಆ ಸಹಿಗೆ ಯಾವ ಬೆಲೆಯೂ ಇಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, "ಆ ರಜೆ ಪೂರ್ತಿ ನಾನು ಎಲ್ಲಾ ಪ್ರಶ್ನೆ ಬರೆದಿದ್ದೆ ಅಂತಾನೇ ಹೇಳ್ತಿದ್ದೆ ಮೇಡಂ. ಮನೇಲಿ ಯಾರೂ ನಂಬಲಿಲ್ಲ. ಕೊನೆಕೊನೆಗೆ ನನಗೂ ಅನುಮಾನ ಬಂತು, ಬರೆದೇ ಇಲ್ಲವೇನೋ ಅಂತ. ಅದಕ್ಕೇ ಅರ್ಜಿ ಹಾಕಲಿಲ್ಲ."

ಆ ಹಾಳೆಯ ಝೆರಾಕ್ಸ್ ಸಿಗುತ್ತಾ ಅಂತ ಕೇಳಿದ. ಎರಡೂ ಬದಿ ಮಾಡಿಸಿ ಕೊಟ್ಟೆ. ಮನೆಯಲ್ಲಿ ತೋರಿಸಬೇಕು ಅಂದ.